ಮೂರು ಕಾಲಿನ ಲವಂಗ

ಕಣ್ಣಿಗೆ ಕಾಣದ್ದನ್ನು ಪಾಠ ಮಾಡುವವನ ಹಣೆಬರಹವೇ ಇಷ್ಟು. ಇತಿಹಾಸ ಹೇಳುವವರು ಮಕ್ಕಳನ್ನು ಕೋಟೆಗೆ ಕರೆದುಕೊಂಡು ಹೋಗಬಹುದು, ಜೀವಶಾಸ್ತ್ರದವರಿಗೆ ಕಪ್ಪೆಯಾದರೂ ಸಿಗುತ್ತದೆ. ನಾನು ಮಂಗಳೂರಿನ ಒಂದು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಹೇಳುವವನು. ಕರೆಂಟು ಕಾಣುವುದಿಲ್ಲ, ಕಂಡಿತೆಂದರೆ ಆಗಲೇ ಏನೋ ಸುಟ್ಟಿದೆ ಎಂದೇ ಅರ್ಥ. ಹಾಗಾಗಿ ಅದು ಹೀಗೆ, ಇದು ಹಾಗೆ ಎಂದು ಹೋಲಿಕೆ ಕೊಟ್ಟೇ ಹೇಳಬೇಕು. ಹೋಲಿಕೆ ಕೊಟ್ಟ ದಿನವೆಲ್ಲ ನಮ್ಮ ಲ್ಯಾಬಿನಲ್ಲಿ ಏನಾದರೊಂದು ಆಗಿಯೇ ಆಗುತ್ತದೆ.

ಹಾಗೆ ಆದದ್ದರಲ್ಲಿ ಹೆಚ್ಚಿನದ್ದು ಒಬ್ಬನೇ ವಿದ್ಯಾರ್ಥಿಯಿಂದ. ಪಣಂಬೂರಿನ ಬ್ಯಾರಿ ಮನೆಯ ಹುಡುಗ. ಉಳಿದೆಲ್ಲ ವಿಷಯ ಪಾಸಾಗಿ, ನನ್ನ ಲ್ಯಾಬಿನ ಮೌಖಿಕ ಪರೀಕ್ಷೆಯಲ್ಲಿ ಮಾತ್ರ ಬಿದ್ದು, ಅದೊಂದಕ್ಕಾಗಿ ಮತ್ತೆ ನನ್ನ ತರಗತಿಗೆ ಬರುತ್ತಿದ್ದ. ಗಲ್ಫಿನಲ್ಲಿರುವ ಅವನ ಅಣ್ಣ ತನ್ನ ಕಂಪೆನಿಯಲ್ಲಿ ಇವನಿಗೊಂದು ಕೆಲಸ ಮಾತಾಡಿ ಇಟ್ಟಿದ್ದ. ಡಿಪ್ಲೊಮಾ ಸರ್ಟಿಫಿಕೇಟು ಬಂದರೆ ವೀಸಾ, ಈ ಸಲವೂ ಬಿದ್ದರೆ ಆ ಕೆಲಸ ಇನ್ನೊಬ್ಬರಿಗೆ. ವಿಚಿತ್ರವೆಂದರೆ ಅವನು ಮಾತುಗಾರ. ಬಸ್ಸಿನಲ್ಲಿ ಪಕ್ಕ ಕೂತವರ ಸಂಸಾರದ ಕತೆಯೆಲ್ಲ ಇಳಿಯುವುದರೊಳಗೆ ತಿಳಿದುಕೊಳ್ಳುತ್ತಿದ್ದ. ಟ್ರಾನ್ಸಿಸ್ಟರ್ ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಿದರೆ ಮಾತ್ರ ಉರುಹೊಡೆದ ಇಂಗ್ಲಿಷ್ ವಾಕ್ಯವೊಂದನ್ನು ಅರ್ಧ ಹೇಳಿ, ಉಳಿದರ್ಧಕ್ಕಾಗಿ ಫ್ಯಾನು ನೋಡುತ್ತ ನಿಲ್ಲುತ್ತಿದ್ದ. ನನಗೆ ಅವನೆಂದರೆ ಬಹಳ ಪ್ರೀತಿ. ಅದು ಅವನಿಗೆ ಗೊತ್ತಾಗದ ಹಾಗೆ ನೋಡಿಕೊಂಡಿದ್ದೆ.

ನಳ್ಳಿ

ಮೊದಲು ನೀರಿನ ನಳ್ಳಿಯಿಂದ ಶುರು ಮಾಡಿದೆ. "ನೋಡು, ಟ್ರಾನ್ಸಿಸ್ಟರಿಗೆ ಮೂರು ಕಾಲು. ಕಲೆಕ್ಟರ್, ಬೇಸ್, ಎಮಿಟರ್. ಕಲೆಕ್ಟರಿನ ಮೇಲೆ ನೀರಿನ ಟ್ಯಾಂಕಿ ಉಂಟು ಅಂತ ತಿಳ್ಕೊ. ಎಮಿಟರಿನ ಕೆಳಗೆ ಬಕೆಟ್. ಬೇಸ್ ಅಂದ್ರೆ ನಳ್ಳಿಯ ತಿರುಗಣೆ. ನೀನು ತಿರುಗಣೆಯನ್ನು ಎರಡು ಬೆರಳಲ್ಲಿ ಸ್ವಲ್ಪ ತಿರುಗಿಸಿದ್ರೆ ಸಾಕು, ಇಡೀ ಟ್ಯಾಂಕಿಯ ನೀರು ಬಕೆಟಿಗೆ ಬರ್ತದೆ. ಸಣ್ಣ ಕರೆಂಟು ದೊಡ್ಡ ಕರೆಂಟನ್ನು ಹಿಡಿತದಲ್ಲಿ ಇಡುವುದು ಹೀಗೆ. ಗೊತ್ತಾಯ್ತಾ?"

"ಗೊತ್ತಾಯ್ತು ಸರ್. ಇಷ್ಟು ಸುಲಭ ಅಂತ ಗೊತ್ತಿರ್ಲಿಲ್ಲ."

ನನಗೆ ಹಿಗ್ಗೋ ಹಿಗ್ಗು. ಮರುದಿನ ಇಡೀ ತರಗತಿಯ ಮುಂದೆ ಅವನನ್ನೇ ನಿಲ್ಲಿಸಿದೆ. "ಬೇಸಿನಲ್ಲಿ ಕರೆಂಟು ನಿಂತ್ರೆ ಕಲೆಕ್ಟರಿನಲ್ಲಿ ಎಂತ ಆಗ್ತದೆ?"

"ನಿಲ್ತದೆ ಸರ್."

"ಶಾಬಾಸ್! ಆಗ ಎಂತ ಮಾಡ್ಬೇಕು?"

"ವಾರ್ಡ್ ಮೆಂಬರಿಗೆ ಫೋನ್ ಮಾಡ್ಬೇಕು ಸರ್."

ಉಮ್ಮ ಬಂದದ್ದು

ಒಂದು ದಿನ ಅವನ ತಾಯಿಯೇ ಕಾಲೇಜಿಗೆ ಬಂದರು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಬಟ್ಟೆ ಸುತ್ತಿದ ಟಿಫಿನ್ ಕ್ಯಾರಿಯರು. ಸ್ಟಾಫ್ ರೂಮಿನಲ್ಲಿ ಕೂರಿಸಿದೆ. ಟಿಫಿನ್ನಿನಿಂದ ಬರುತ್ತಿದ್ದ ಬಿರಿಯಾನಿಯ ಪರಿಮಳಕ್ಕೆ ಆಚೆ ವಿಭಾಗದವರೂ ಬಂದು ನನ್ನನ್ನು ಏನೇನೋ ಕೇಳಿಕೊಂಡು ಹೋದರು.

"ಸಾರ್, ಇವ ಯಾವುದರಲ್ಲಿ ಬೀಳುವುದು?"

"ಟ್ರಾನ್ಸಿಸ್ಟರಿನಲ್ಲಿ ಉಮ್ಮ."

"ಅದು ತುಂಬ ದೊಡ್ಡ ಮೆಷಿನಾ ಸಾರ್? ಇವ ರಾತ್ರಿ ನಿದ್ದೆಯಲ್ಲೂ ಅದರ ಹೆಸರು ಹೇಳಿ ಬೆವರುವುದು. ನಾನು ಹರಕೆ ಹೇಳಿದ್ದೇನೆ. ಒಮ್ಮೆ ನನಗೆ ತೋರಿಸಿ."

ಮೇಜಿನ ಡ್ರಾಯರಿನಿಂದ ಒಂದನ್ನು ತೆಗೆದು ಅವರ ಅಂಗೈ ಮೇಲೆ ಇಟ್ಟೆ. ಅವರು ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು. ಬಾಗಿಲ ಹೊರಗೆ ತಲೆ ತಗ್ಗಿಸಿ ನಿಂತಿದ್ದ ಮಗನನ್ನೂ ಒಮ್ಮೆ ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಮೂರು ಕಾಲು ಬಂದ ಲವಂಗ ಇದು! ಇಂಥದ್ದನ್ನು ನಾನು ದಿನಾ ಹುರಿದು ಪುಡಿ ಮಾಡ್ತೇನೆ. ಇದಕ್ಕಾ ಇವ ಹೆದರುವುದು?"

ಕೂಳೂರಿನ ಬ್ಲಾಕು

ಅವನು ಲೇಟಾಗಿ ಬಂದರೆ ಕಾರಣ ಒಂದೇ, ಕೂಳೂರಿನ ಸೇತುವೆ. "ಕೂಳೂರು ಸಂಕದಲ್ಲಿ ಬ್ಲಾಕ್ ಸರ್." ಕಾವೂರಿನಿಂದ ಬರುವ, ಆ ಸಂಕ ದಾಟಲೇ ಬೇಕಿಲ್ಲದ ನಾನೂ ಅದೇ ಬ್ಲಾಕಿನ ಹೆಸರು ಹೇಳಿ ಎಷ್ಟೋ ಸಲ ಬಚಾವಾದವನು, ಹಾಗಾಗಿ ಬೈಯುವಂತಿಲ್ಲ. ಬೈಯುವ ಬದಲು ಪಾಠ ಮಾಡಿದೆ.

"ಸಂಕದ ಹತ್ತಿರ ಒಬ್ಬ ಪೊಲೀಸ್ ನಿಂತಿರ್ತಾನಲ್ಲ? ಅವ ಕೈ ಎತ್ತಿದ್ರೆ ಪಣಂಬೂರಿನ ಲಾರಿಗಳೆಲ್ಲ ನಿಲ್ತವೆ, ಸ್ವಲ್ಪ ಬೆರಳು ಆಡಿಸಿದ್ರೆ ಎಲ್ಲ ಹೊರಡ್ತವೆ. ಲಾರಿಯನ್ನು ಅವ ತಳ್ಳುವುದಿಲ್ಲ ಮಾರಾಯ, ಬಿಡುವುದು ಮಾತ್ರ. ಬೇಸ್ ಮಾಡುವ ಕೆಲಸ ಅಷ್ಟೇ."

ಅವನು ಗಂಭೀರವಾಗಿ ತಲೆ ಆಡಿಸಿದ. "ಆ ಪೊಲೀಸಿಗೆ ಕೈ ಎತ್ಲಿಕ್ಕೆ ಹೇಳುವುದು ಯಾರು ಸರ್?"

"ಅವನ ಮೇಲಿನವರು. ಒಂದು ಟ್ರಾನ್ಸಿಸ್ಟರು ಇನ್ನೊಂದನ್ನು ನಡೆಸ್ಬಹುದು. ಆಂಪ್ಲಿಫೈಯರಿನಲ್ಲಿ ಹಾಗೇ ಇರುವುದು."

"ಅವರ ಮೇಲೆ?"

"ಇನ್ನೊಂದು ಟ್ರಾನ್ಸಿಸ್ಟರು."

ಅವನು ಬೆರಳು ಮಡಚಿ ಲೆಕ್ಕ ಹಾಕಿದ. "ಹಾಗಾದ್ರೆ ಸರ್, ನಾನು ಲೇಟಾದದ್ದು ನಿಮ್ಮ ಸಬ್ಜೆಕ್ಟಿನಿಂದಲೇ."

ಆ ದಿನ ಅವನಿಗೆ ಹಾಜರಿ ಕೊಟ್ಟೆ. ವಾದದಲ್ಲಿ ಎಲ್ಲಿ ತಪ್ಪಿದೆ ಎಂದು ನನಗೆ ಇವತ್ತಿಗೂ ಹೊಳೆದಿಲ್ಲ.

ಗಂಧ

ಆಯುಧ ಪೂಜೆಗೆ ನಮ್ಮಲ್ಲಿ ಲ್ಯಾಬಿನ ಉಪಕರಣಗಳಿಗೆಲ್ಲ ಹೂವು, ಕುಂಕುಮ, ಗಂಧ. ಇದು ನಮ್ಮ ಹಿರಿಯ ಅಟೆಂಡರರ ಖಾತೆ. ಯಾವ ಮೀಟರಿಗೂ ಬೇಸರವಾಗಬಾರದು ಎಂದು ಒಂದನ್ನೂ ಬಿಡದೆ ಹಚ್ಚುತ್ತಾರೆ. ಆ ಸಲ ಮೇಜಿನ ಮೇಲೆ ನಮ್ಮ ಹುಡುಗನ ಸರ್ಕ್ಯೂಟು ಇತ್ತು. ಹಲಗೆಯ ಮೇಲೆ ಮೊಳೆ ಹೊಡೆದು ಅವನೇ ಕಟ್ಟಿದ್ದು. ಟ್ರಾನ್ಸಿಸ್ಟರ್ ಸರಿಯಾಗಿ ಕೆಲಸ ಮಾಡಿದರೆ ಅದರಲ್ಲಿ ಒಂದು ಕೆಂಪು ದೀಪ ಹೊತ್ತಬೇಕು. ವಾರವಿಡೀ ತಿಣುಕಿದರೂ ಹೊತ್ತಿರಲಿಲ್ಲ.

ಅಟೆಂಡರ್ ಗಂಧದ ಬಟ್ಟಲು ಹಿಡಿದು ಬಂದರು, ಹಲಗೆಯ ನಡುವೆ ಒದ್ದೆ ಗಂಧವನ್ನು ಬೆರಳಿನಿಂದ ಉದ್ದಕ್ಕೆ ಎಳೆದರು. ದೀಪ ಮೆಲ್ಲನೆ ಹೊತ್ತಿಕೊಂಡಿತು!

"ಅಮ್ಮಾ ತಾಯೀ!" ಎಂದು ಅಟೆಂಡರ್ ಎರಡೂ ಕೈ ಮೇಲೆತ್ತಿದರು. ಹುಡುಗರೆಲ್ಲ ಓಡಿ ಬಂದರು. ಚಪ್ಪಲಿ ಹಾಕಿ ಒಳಗೆ ಬಂದಿದ್ದ ಪ್ರಿನ್ಸಿಪಾಲರು ಹೊರಗೆ ಹೋಗಿ ಬಿಚ್ಚಿಟ್ಟು ಬಂದರು.

ನಾನು ಬಗ್ಗಿ ನೋಡಿದೆ. ಬ್ಯಾಟರಿಯ ಮೊಳೆಯಿಂದ ಬೇಸಿನ ಮೊಳೆಗೆ ಹೋಗಬೇಕಿದ್ದ ತಂತಿಯನ್ನೇ ಇವನು ಹಾಕಿರಲಿಲ್ಲ. ಆ ಎರಡು ಮೊಳೆಗಳ ನಡುವೆ ಈಗ ಒದ್ದೆ ಗಂಧ ಸೇತುವೆ ಕಟ್ಟಿತ್ತು. ಅದರ ಮೂಲಕ ಚೂರೇ ಚೂರು ಕರೆಂಟು ಬೇಸಿಗೆ ಹೋಗುತ್ತಿತ್ತು, ಟ್ರಾನ್ಸಿಸ್ಟರಿಗೆ ಅಷ್ಟು ಧಾರಾಳ ಸಾಕು. ಇದನ್ನೆಲ್ಲ ವಿವರಿಸಿ, ನಂಬಿಕೆ ಬರಲೆಂದು ಬಟ್ಟೆಯಿಂದ ಗಂಧ ಒರೆಸಿದೆ. ದೀಪ ಆರಿತು. ಅಟೆಂಡರ್ ನನ್ನ ಪರವಾಗಿ ತಾವೇ ಕೆನ್ನೆ ಬಡಿದುಕೊಂಡರು.

ಎಲ್ಲರೂ ಹೋದ ಮೇಲೆ ನಮ್ಮ ಹುಡುಗ ಅವರ ಹತ್ತಿರ ಹೋಗಿ ಮೆಲ್ಲ ಕೇಳಿದ್ದು ನನ್ನ ಕಿವಿಗೂ ಬಿತ್ತು. "ಅಣ್ಣಾ, ಪರೀಕ್ಷೆಯ ದಿನ ಸ್ವಲ್ಪ ಗಂಧ ತೆಗೆದಿಡ್ತೀರಾ?"

ಮೌಖಿಕ ಪರೀಕ್ಷೆ

ಆ ದಿನ ಬಂದೇಬಿಟ್ಟಿತು. ಬೇರೆ ಕಾಲೇಜಿನಿಂದ ಬಂದ ಪರೀಕ್ಷಕರು ದಪ್ಪ ಮೀಸೆಯವರು, ಮಾತು ಕಡಿಮೆ. ಬಂದ ಕೂಡಲೇ ಫೋನನ್ನು ಮೇಜಿನ ಮೇಲಿಟ್ಟು ನನಗೆ ಹೇಳಿದರು, "ತಂಗಿಯ ಮಗಳ ಮದುವೆ ಮಾತುಕತೆ ಉಂಟು ಇವತ್ತು. ಒಂದು ಕಾಲ್ ಬಂದ್ರೆ ಬೇಜಾರು ಮಾಡ್ಬೇಡಿ." ನನಗೆ ಅರ್ಥವಾಯಿತು. ಅವರಂಥ ತುಳು ಮಾತಿನ ದೊಡ್ಡ ಮನೆಗಳಲ್ಲಿ ಸೋದರಮಾವನದ್ದೇ ಕೊನೆಯ ಮಾತು. ಮಾವ ಒಪ್ಪದೆ ಚಪ್ಪರದ ಒಂದು ಕಂಬವೂ ಏಳುವುದಿಲ್ಲ.

ನಮ್ಮ ಹುಡುಗ ಒಳಗೆ ಬಂದ. ಇಸ್ತ್ರಿ ಹಾಕಿದ ಬಿಳಿ ಅಂಗಿ, ಒಣಗಿದ ತುಟಿ. ಪರೀಕ್ಷಕರು ಕೇಳಿದ್ದು ಅದೇ ಪ್ರಶ್ನೆ. "ಟ್ರಾನ್ಸಿಸ್ಟರ್ ಕರೆಂಟನ್ನು ಹೇಗೆ ನಿಯಂತ್ರಿಸ್ತದೆ?"

ಇವನು ಇಂಗ್ಲಿಷ್ ವಾಕ್ಯ ಶುರು ಮಾಡಿದ, ಅರ್ಧದಲ್ಲಿ ನಿಂತ, ಫ್ಯಾನು ನೋಡಿದ. ಪರೀಕ್ಷಕರು ಪೆನ್ನಿನ ಟೋಪಿ ತೆಗೆದರು. ಬಾಯಿ ಹಾಕುವ ಹಾಗಿಲ್ಲ, ಸುಮ್ಮನಿರಲೂ ಆಗುತ್ತಿಲ್ಲ.

ಆಗಲೇ ಫೋನು ಬಂತು. ಆಚೆ ಕಡೆ ತಂಗಿ. ಸ್ವರ ಎಷ್ಟು ಗಟ್ಟಿಯೆಂದರೆ ಅವರ ತುಳು ಇಡೀ ಲ್ಯಾಬಿಗೆ ಕೇಳಿಸುತ್ತಿತ್ತು: ಹುಡುಗನ ಕಡೆಯವರು ಬಂದು ಕೂತಿದ್ದಾರೆ, ಹಾಲ್‌ನವರು ಕಾಯುತ್ತಿದ್ದಾರೆ, ಅಡುಗೆಯವರೂ ಕಾಯುತ್ತಿದ್ದಾರೆ, ಗಂಡ ಎಲ್ಲ ತಯಾರು ಮಾಡಿಕೊಂಡು ನಿಂತಿದ್ದಾರೆ, ಅಣ್ಣ ಒಂದು ಮಾತು ಹೇಳದೆ ಯಾವುದೂ ಮುಂದೆ ಹೋಗುವುದಿಲ್ಲ.

ಪರೀಕ್ಷಕರು ಎಲ್ಲ ಕೇಳಿ, ಮೀಸೆ ನೀವಿ, "ಆವು" ಎಂದರು. ತುಳುವಿನಲ್ಲಿ 'ಆಗಬಹುದು' ಎನ್ನಲು ಅಷ್ಟೇ ಸಾಕು. ಆಚೆ ಕಡೆಯಿಂದ ಹೋ ಎಂದು ಗೌಜಿ ಕೇಳಿತು. ಫೋನ್ ಕೆಳಗಿಟ್ಟರು.

"ಸರ್!" ಎಂದ ನಮ್ಮ ಹುಡುಗ. ಕಣ್ಣು ಫ್ಯಾನಿನಿಂದ ಇಳಿದಿತ್ತು. "ಈಗ ಹೇಳ್ತೇನೆ ಸರ್. ಬೇಸ್ ನೀವೇ."

"ಎಂತ?"

"ಕಲೆಕ್ಟರಿನ ಬದಿಯಲ್ಲಿ ನಿಮ್ಮ ಭಾವ. ಹಾಲ್, ಅಡುಗೆ, ವಾಲಗ, ಎಲ್ಲ ತಯಾರುಂಟು, ಆದ್ರೆ ಹರಿಯುವುದಿಲ್ಲ. ಎಮಿಟರಿನ ಬದಿಯಲ್ಲಿ ನೆಂಟರು, ಬಾಳೆಲೆ ಹಾಕಿ ಕಾಯ್ತಾ ಇದ್ದಾರೆ. ನಡುವೆ ನೀವು. ನೀವು ಬಿಟ್ಟದ್ದು ಇಷ್ಟೇ ಸಣ್ಣ ಒಂದು 'ಆವು'. ಇನ್ನು ಊರಿಡೀ ಊಟ ಹರಿತದೆ. ಆ ಊಟ ನಿಮ್ಮ 'ಆವು'ವಿನಿಂದ ಬಂದದ್ದಲ್ಲ ಸರ್, ಭಾವನಿಂದಲೇ ಬಂದದ್ದು. ನೀವು ದಾರಿ ಬಿಟ್ಟದ್ದು ಮಾತ್ರ."

ನಾನು ಕಣ್ಣು ಮುಚ್ಚಿಕೊಂಡೆ. ಹುಡುಗನ ವೀಸಾ, ನನ್ನ ಮರ್ಯಾದೆ ಎರಡೂ ಒಟ್ಟಿಗೇ ಹೋಯಿತು ಎಂದುಕೊಂಡೆ.

"ಕಟ್-ಆಫ್ ಅಂದ್ರೆ?" ಪರೀಕ್ಷಕರ ಸ್ವರ.

"ನೀವು ಸಿಟ್ಟಿನಲ್ಲಿ ಫೋನೇ ತೆಗೆಯದಿದ್ರೆ ಸರ್. ಆಗ ಮದುವೆ ಬಂದ್."

"ಸ್ಯಾಚುರೇಶನ್?"

"ಇನ್ನು ನೀವು 'ಆವು ಆವು' ಅಂತ ಎಷ್ಟು ಸಲ ಹೇಳಿದ್ರೂ ಭಾವನ ಹತ್ತಿರ ಇದ್ದದ್ದಕ್ಕಿಂತ ಜಾಸ್ತಿ ಬರ್ಲಿಕ್ಕಿಲ್ಲ ಸರ್."

ಕಣ್ಣು ಬಿಟ್ಟು ನೋಡಿದರೆ ಪರೀಕ್ಷಕರ ಮೀಸೆ ಅಲುಗಾಡುತ್ತಿತ್ತು. ಮತ್ತೆ ಹೆಗಲು, ಮತ್ತೆ ಹೊಟ್ಟೆ. ನಗುತ್ತ ನಗುತ್ತಲೇ ಅಂಕ ಬರೆದು ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ಪಾಸು. ಅದೂ ತರಗತಿಯ ಜಾಣರಿಗೂ ಹೊಟ್ಟೆಕಿಚ್ಚಾಗುವಂಥ ಪಾಸು. ಹುಡುಗ ನನ್ನ ಮುಖ ನೋಡಿ ಎಲ್ಲ ತಿಳಿದುಕೊಂಡ. ನನಗೆ ನಿಜವಾಗಿ ಕಣ್ಣಲ್ಲಿ ನೀರು ಬಂತು.

ಅಷ್ಟರಲ್ಲಿ ಮತ್ತೆ ಫೋನು. ಈ ಸಲ ಸ್ವತಃ ಭಾವ. ಮದುವೆ ಹೇಗೂ ನಿಶ್ಚಯವಾಯಿತಲ್ಲ, ಊಟದ ಖರ್ಚನ್ನಾದರೂ ಮಾವನ ಕಡೆಯಿಂದ ನೋಡಿಕೊಳ್ಳಬಹುದೇ ಎಂದು ಮೆಲ್ಲಗೆ ಕೇಳುತ್ತಿದ್ದರು.

ಪರೀಕ್ಷಕರು ನಮ್ಮ ಹುಡುಗನನ್ನೊಮ್ಮೆ ನೋಡಿ, ಕುರ್ಚಿಗೆ ಒರಗಿ, ನಿಧಾನವಾಗಿ ಹೇಳಿದರು:

"ಭಾವ, ನಾನು ಬೇಸ್ ಮಾತ್ರ ಮಾರಾಯ್ರೆ. ಕರೆಂಟು ನಿಮ್ಮ ಬದಿಯಿಂದಲೇ ಬರ್ಬೇಕು."