ಮಣ್ಣಿನ ಮೇಷ್ಟ್ರ ಕೊನೆಯ ಭೇಟಿ

ರಗಳೆ ಶುರುವಾದದ್ದು ಒಂದು ಎರೆಹುಳುವಿನಿಂದ. ಬೆಳಿಗ್ಗೆ ತನ್ನ ಹೊಲಕ್ಕೆ ಇಳಿದ, ಊರವರೆಲ್ಲ 'ಟ್ರ್ಯಾಕ್ಟರ್ ಮಾವ' ಎನ್ನುವ ರೈತನ ಕಾಲ ಬಳಿ ಅದು ಆರಾಮಾಗಿ ಹರಿದು ಹೋಯಿತು. ಬೇರೆ ಯಾರಾದರೂ ಆಗಿದ್ದರೆ ಹಿಗ್ಗುತ್ತಿದ್ದರು. ಮಾವನ ಎದೆ ಧಸಕ್ಕೆಂದಿತು.

ಎರಡು ವರ್ಷದ ಹಿಂದೆ ಆ ಹೊಲ ರಸ್ತೆಯಂತೆ ಬಿಗಿದುಹೋಗಿತ್ತು. ಭಾರದ ಟ್ರ್ಯಾಕ್ಟರನ್ನು ಹಸಿ ಮಣ್ಣಿನಲ್ಲಿ ಮನಸ್ಸು ಬಂದತ್ತ ಓಡಿಸಿದ ಫಲ. ಆಗ ಬಂದವರು ಕೃಷಿ ಕಚೇರಿಯ ಅಧಿಕಾರಿ, ಊರವರ ಬಾಯಲ್ಲಿ ಮಣ್ಣಿನ ಮೇಷ್ಟ್ರು.

"ಚಕ್ರದ ಗಾಳಿ ಸ್ವಲ್ಪ ಇಳಿಸಿ. ನೆಲ ಒಣಗೋ ತನಕ ಗಾಡಿ ಇಳಿಸಬೇಡಿ. ಓಡಿಸೋದಾದ್ರೆ ಪ್ರತಿ ಸಲ ಅದೇ ಜಾಡಲ್ಲಿ ಓಡಿಸಿ" ಎಂದರು. ಮಾವನೂ ಪಕ್ಕದ ಹೊಲದವಳೂ ಚಾಚೂ ತಪ್ಪದೆ ಹಾಗೇ ಮಾಡಿದರು. ತಿಂಗಳಿಗೊಮ್ಮೆ ಮೇಷ್ಟ್ರು ಬಂದು ಕಬ್ಬಿಣದ ಸಲಾಕೆ ಚುಚ್ಚಿ ನೋಡುತ್ತಿದ್ದರು. ಆಮೇಲೆ ಮಾವನ ಜಗಲಿಯಲ್ಲಿ ಒಂದು ಗಂಟೆ ಹರಟುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಆ ಮನೆಗೆ ಕೂತು ಮಾತಾಡಲು ಬರುತ್ತಿದ್ದವರು ಅವರೊಬ್ಬರೇ. ಆ ಒಂದು ಗಂಟೆಗಾಗಿ ಮಾವ ಉಳಿದ ತಿಂಗಳನ್ನೆಲ್ಲ ಹೇಗೋ ದೂಡುತ್ತಿದ್ದ.

ಇವತ್ತು ಕೊನೆಯ ಪರೀಕ್ಷೆ. ಸಲಾಕೆ ಮೊಳದುದ್ದ ಇಳಿದರೆ ಮಣ್ಣು ಗುಣವಾದಂತೆ. ರೋಗಿ ಗುಣವಾದ ಮೇಲೆ ವೈದ್ಯರು ಯಾಕೆ ಬಂದಾರು?

ಮಾವ ಟ್ರೇಲರಿಗೆ ಕಲ್ಲು ತುಂಬಿದ. ಮೊನ್ನೆ ನೀರು ಹಾಯಿಸಿದ್ದ ಹೊಲಕ್ಕೆ ಇಳಿದು ಗಾಣದ ಎತ್ತಿನಂತೆ ಸುತ್ತತೊಡಗಿದ.

ಪಕ್ಕದ ಹೊಲದವಳು ಬೇಲಿಗೆ ಬಂದಳು. "ಮಾವ, ತಲೆ ನೆಟ್ಟಗಿದೆ ತಾನೆ? ಮೇಷ್ಟ್ರು ಬೇಡ ಅಂದಿದ್ದನ್ನೆಲ್ಲ ಒಟ್ಟಿಗೇ ಮಾಡ್ತಿದ್ದೀರಲ್ಲ?"

"ಬ್ರೇಕ್ ಹಿಡೀತಿಲ್ಲ ಕಣಮ್ಮ" ಎಂದು ಮಾವ ಬಾಯಿಗೆ ಬಂದದ್ದು ಹೇಳಿದ.

ಅವಳು ಮೆಕ್ಯಾನಿಕ್‌ಗೆ ಫೋನ್ ಮಾಡಿಯೇಬಿಟ್ಟಳು. ಅವನು ಗಾಡಿ ಎಳೆಯುವ ದೊಡ್ಡ ಲಾರಿಯಲ್ಲೇ ಬಂದು, ನೇರ ಹೊಲಕ್ಕೆ ನುಗ್ಗಿ ಬೆನ್ನಟ್ಟಿದ.

"ಇಂಜಿನ್ ಆಫ್ ಮಾಡಿ ಮಾವ" ಎಂದು ಕೂಗಿದ. ನಿಂತರೆ ಸುಳ್ಳು ಬಯಲಾಗುತ್ತದೆ. ಮಾವ ಕಿವುಡನಾದ. ಡೀಸೆಲ್ ಮುಗಿದು ಟ್ರ್ಯಾಕ್ಟರ್ ತಾನಾಗಿ ನಿಲ್ಲುವ ಹೊತ್ತಿಗೆ ಇಬ್ಬರೂ ಸೇರಿ ಹೊಲವನ್ನು ಇಪ್ಪತ್ತು ಸುತ್ತು ತುಳಿದಿದ್ದರು. ಉಳಿದ ಕೆಲಸವನ್ನು ಬಿಸಿಲು ಮುಗಿಸಿತು.

ಸಂಜೆ ಮೇಷ್ಟ್ರು ಸಲಾಕೆಯ ಮೇಲೆ ಮೈಭಾರವನ್ನೆಲ್ಲ ಹಾಕಿದರು. ಬಗ್ಗಿದ್ದು ಸಲಾಕೆ.

"ಅಯ್ಯೋ, ಇನ್ನೂ ಎರಡು ವರ್ಷ ನೀವು ಬರಬೇಕಾಗುತ್ತೋ ಏನೋ" ಎಂದ ಮಾವ, ಮುಖದ ನಗುವನ್ನು ಹೇಗೋ ಅದುಮಿಕೊಂಡು. "ಬನ್ನಿ, ಜಗಲೀಲಿ ಕೂತು ಮಾತಾಡೋಣ."

ಮೇಷ್ಟ್ರು ಜಗಲಿಯತ್ತ ಹೆಜ್ಜೆ ಇಡಲಿಲ್ಲ. "ಇಲ್ಲ ಯಜಮಾನ್ರೇ. ಗುಣ ಆಗದ ಹೊಲಾನ ನಮ್ಮ ಕಚೇರಿಯವರು ಮಣ್ಣಿನ ಯೋಜನೆಯಿಂದ ತೆಗೆದುಬಿಡ್ತಾರೆ. ನಿಮ್ಮದನ್ನೇ ಮಾದರಿ ಹೊಲ ಮಾಡೋಣ ಅಂತಿದ್ದೆ. ವಾರಕ್ಕೆರಡು ಸಲ ಐವತ್ತು ಜನ ರೈತರನ್ನ ಅದೇ ಜಗಲೀಲಿ ಕೂರಿಸಿ, ನಿಮ್ಮ ಬಾಯಿಂದಲೇ ಎಲ್ಲ ಹೇಳಿಸೋಣ ಅಂತ. ಈಗ ಪಕ್ಕದ ಹೊಲಾನೇ ಗತಿ."

ಮಾವ ಮೇಷ್ಟ್ರ ದಾರಿಗೆ ಅಡ್ಡ ನಿಂತ. "ಹಾಗಾದ್ರೆ ಇಲ್ಲಿಗೆ ಇನ್ಯಾರೂ ಬರೋದೇ ಇಲ್ವಾ?"

"ಬರ್ತಾರೆ, ಬರದೆ ಏನು" ಎನ್ನುತ್ತ ಮೇಷ್ಟ್ರು ನೆಲವನ್ನೊಮ್ಮೆ ಬೂಟಿನಿಂದ ಕುಟ್ಟಿ ನೋಡಿದರು. "ಆ ಐವತ್ತು ಜನರ ಗಾಡಿ ನಿಲ್ಲಿಸೋಕೆ ಇಷ್ಟು ಗಟ್ಟಿ ಜಾಗ ಬೇರೆಲ್ಲಿದೆ? ಸಾಲಾಗಿ ನಿಲ್ಲೋ ಹಾಗೆ ನೀವೇ ಸುಣ್ಣದಲ್ಲಿ ಗೆರೆ ಹಾಕಿಬಿಡಿ."