ಸೇಡಂನಲ್ಲಿ ನಾನು ಮಾಡಿದ ಮಾಡುಗಳು

ಕಂಪ್ಯೂಟರ್ ಕಲಿಸುವವನು ನಗುವ ಸಂಗತಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದು ಕುಂದ್ರುತ್ತವೆ.

ಎರಡು ಸಾವಿರದ ನಾಲ್ಕೈದರ ಸುಮಾರು. ಸೇಡಂ ಬಸ್‌ಸ್ಟ್ಯಾಂಡಿನ ಹತ್ತಿರ ಮಹಡಿಯ ಮೇಲೆ ನನ್ನದೊಂದು ಕಂಪ್ಯೂಟರ್ ಕ್ಲಾಸು ಇತ್ತು. ನಾಲ್ಕು ಕಂಪ್ಯೂಟರು, ಒಂದು ಪ್ರಿಂಟರು, ಫೋನಿನ ತಂತಿಯಲ್ಲಿ ತೆವಳಿಕೊಂಡು ಬರುವ ಇಂಟರ್ನೆಟ್ಟು. ಮೂರು ಕಂಪ್ಯೂಟರು ಕಲಿಯುವವರಿಗೆ, ನಾಲ್ಕನೆಯದು ನನ್ನ ಖಾಸಾ. ಅದರಲ್ಲಿ ಹೈದರಾಬಾದಿನಿಂದ ತಂದ ಒಂದು ಆಟ ಹಾಕಿಕೊಂಡಿದ್ದೆ. ರಾಜ, ಕೋಟೆ, ಕಾಡು, ಮಾಟಗಾರರು ಇರುವ ಒಂದು ದೊಡ್ಡ ದೇಶ. ಅಲ್ಲಿ ನಾವೊಬ್ಬ ವೀರ. ಎಲ್ಲಿ ಬೇಕಾದರೂ ತಿರುಗಬಹುದು, ಯಾರ ಮನೆಗೆ ಬೇಕಾದರೂ ನುಗ್ಗಬಹುದು. ಆ ದೇಶವನ್ನು ನಮಗೆ ಬೇಕಾದ ಹಾಗೆ ಬದಲಿಸಲು ಯಾರ್ಯಾರೋ ಪುಣ್ಯಾತ್ಮರು ಸಣ್ಣಸಣ್ಣ ಫೈಲು ತಯಾರಿಸಿ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಇಟ್ಟಿರುತ್ತಿದ್ದರು. ಒಂದು ಹಾಕಿದರೆ ಕುದುರೆಯ ಬಣ್ಣ ಬದಲು, ಇನ್ನೊಂದು ಹಾಕಿದರೆ ಮಳೆ. ಅವಕ್ಕೆ ಮಾಡ್ ಅನ್ನುತ್ತಾರೆ. ಖರೇ ಹೇಳಬೇಕೆಂದರೆ ನಾನು ಆಟ ಆಡಿದ್ದು ಕಡಿಮೆ, ಯಾವ ಮಾಡ್ ಹಾಕಲಿ ಅಂತ ಆರಿಸುತ್ತ ಕೂತದ್ದೇ ಜಾಸ್ತಿ.

೧. ಏನ್ ಮಾಡ್ಲಿಕತ್ತೀರಿ?

ಒಂದು ಮಧ್ಯಾಹ್ನ ಟೆಲಿಫೋನ್ ಲೈನ್‌ಮನ್ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ.

"ಸರ್, ಮುಂಜಾನಿಂದ ನಿಮ್ಮ ಲೈನ್ ಎಂಗೇಜ್ ಬರ್ಲಿಕತ್ತದ. ಏನ್ ಮಾಡ್ಲಿಕತ್ತೀರಿ?"

"ಮಾಡ್ ರೀ" ಅಂದೆ.

"ನಾ ಏನ್ ಮಾಡ್ಲಿ?"

"ನೀವಲ್ರಿ, ನಾನು. ಮಾಡ್ ಇಳಸ್ಲಿಕತ್ತೀನಿ."

"ಏನ್ ಮಾಡಿ ಇಳಸ್ಲಿಕತ್ತೀರಿ?"

"ಏನೂ ಮಾಡಿಲ್ರಿ. ಅದರ ಹೆಸರೇ ಮಾಡ್."

ಅವನು ಪರದೆಯ ಕಡೆ ನೋಡಿದ. ಅಲ್ಲೊಂದು ನೀಲಿ ಪಟ್ಟಿ ಬೆಳಗಿನಿಂದ ಒಂದು ಬೆರಳಿನಷ್ಟು ಮುಂದೆ ಬಂದು ಸುಮ್ಮನೆ ನಿಂತಿತ್ತು.

"ಅಂದ್ರ ಮುಂಜಾನಿಂದ ಏನೂ ಮಾಡಿಲ್ಲ, ಆದ್ರೂ ಮಾಡ್ಲಿಕತ್ತೀರಿ?"

"ಹೌದ್ರಿ."

ಲೈನ್‌ಮನ್ ನನ್ನ ಹೆಗಲ ಮೇಲೆ ಕೈಯಿಟ್ಟ. "ಇಲ್ಲ್ಯಾಕ ಕುಂತೀರಿ ಸರ್? ನಮ್ಮ ಆಫೀಸಿಗೇ ಬಂದ್‌ಬಿಡ್ರಿ. ಅಲ್ಲೂ ಇದೇ ಕೆಲಸ."

೨. ಬರ್ಫ

ನಮ್ಮ ಕಡೆ ಬೇಸಿಗೆ ಅಂದರೆ ಹೇಳಬೇಕಾಗಿಲ್ಲ. ರಸ್ತೆಯ ಡಾಂಬರು ಚಪ್ಪಲಿಗೆ ಹತ್ತುತ್ತಿತ್ತು. ಕಣ್ಣಾದರೂ ತಂಪಾಗಲಿ ಅಂತ ನಾನು ಆಟಕ್ಕೆ ಹಿಮ ಬೀಳುವ ಮಾಡ್ ಹಾಕಿದೆ. ಕೋಟೆ, ಕಾಡು, ಕುದುರೆ ಎಲ್ಲ ಬೆಳ್ಳಗಾದವು. ವೀರನ ಮೀಸೆ ಕೂಡ ಬೆಳ್ಳಗಾಯಿತು.

ಅಷ್ಟರಲ್ಲಿ ವಾಡಿಯ ಲಾರಿ ಡ್ರೈವರ್ ಒಬ್ಬರು ಒಂದು ಅರ್ಜಿ ಪ್ರಿಂಟ್ ತೆಗೆಸಲು ಬಂದರು. ನನಗೆ ತೋರಿಸುವ ಹುಮ್ಮಸ್ಸು.

"ನೋಡ್ರಿ ಅಣ್ಣಾರ, ಬರ್ಫ ಬೀಳ್ಲಿಕತ್ತದ. ಇಂಥಾದ್ದು ಕಂಡೀರೇನು?"

ಅವರು ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿದರು. ಒಂದು ಚೂರೂ ಬೆರಗಾಗಲಿಲ್ಲ.

"ಭಾಳ ಸಲ ಕಂಡೀನ್ರಿ. ಮ್ಯಾಲ ಹೊದಿಸಿದ ತಾಡಪತ್ರಿ ಹರದ ಸಿಮೆಂಟ್ ಲಾರಿ ಹಿಂದ ನೀವು ಗಾಡಿ ಹೊಡದಿಲ್ಲ, ಅದಕ್ಕ ನಿಮಗ ಹೊಸಾದು."

ಅರ್ಜಿ ಮಡಚಿ ಕಿಸೆಗೆ ಹಾಕಿಕೊಂಡು ಬಾಗಿಲ ತನಕ ಹೋದವರು ಮತ್ತೆ ತಿರುಗಿ ಬಂದು ವೀರನನ್ನು ಕನಿಕರದಿಂದ ನೋಡಿದರು. "ಆ ಮನಿಷ್ಯಾಗ ಜಲ್ದಿ ಜಾಡಿಸ್ಕೋ ಅನ್ರಿ. ಮಳಿ ಬಂದ್ರ ಅಲ್ಲೇ ಗಟ್ಟಿ ಆಗ್ತಾನ."

೩. ರಾಜನ ನೆಲ

ಶಹಾಬಾದದಲ್ಲಿ ಕಲ್ಲು ಪಾಲಿಶ್ ಮಾಡುವ ಯಾರ್ಡಿನ ಮಾಲೀಕರೊಬ್ಬರ ಅತ್ತೆಮನೆ ಸೇಡಂ. ಊರಿಗೆ ಬಂದಾಗಲೆಲ್ಲ ಇ-ಮೇಲ್ ಕಲಿಯಲು ನನ್ನ ಕ್ಲಾಸಿಗೆ ಬರುತ್ತಿದ್ದರು. ಒಮ್ಮೆ ನನ್ನ ವೀರ ಅರಮನೆಯೊಳಗೆ ಹೋಗುವುದನ್ನು ಹಿಂದೆ ನಿಂತು ನೋಡಿದರು. ಚಿನ್ನದ ಸಿಂಹಾಸನ, ರಾಜನ ಕಿರೀಟ, ಕಾವಲಿನವರು ಯಾವುದೂ ಅವರ ಕಣ್ಣಿಗೆ ಬೀಳಲಿಲ್ಲ.

"ಈ ನೆಲ ಯಾವ ಮಿಸ್ತ್ರಿ ಹಾಕ್ಯಾನ್ರಿ? ಕಲ್ಲಿಗೆ ಕಲ್ಲು ಒಂದ್ ಜೋಡೂ ಕೂಡಿಲ್ಲ."

"ಸಾವ್ಕಾರ್ರ, ಇದು ರಾಜನ ಅರಮನಿ."

"ರಾಜ ಆದ್ರ ಎಡವಂಗಿಲ್ಲೇನು? ಅವನಿಗೂ ಕಾಲಾಗ ಬೆರಳು ಅವಲ್ಲ?"

ನೆಲ ಬದಲಿಸಲು ಬರುತ್ತದೆ, ಒಂದು ಫೋಟೋ ಇದ್ದರೆ ಸಾಕು, ಮಾಡ್ ನಾನೇ ತಯಾರಿಸುತ್ತೇನೆ ಅಂದೆ. ಅವರಿಗೆ ಹಿಗ್ಗೋ ಹಿಗ್ಗು. ಪರದೇಶದ ಅರಮನೆಯಲ್ಲಿ ಶಹಾಬಾದ ಪರಸಿಕಲ್ಲು! ಯಾರ್ಡಿಗೆ ಬಂದು ಬೇಕಾದ ಕಲ್ಲಿನ ಫೋಟೋ ಹೊಡಕೊಳ್ರಿ ಅಂದು ಹೋದರು. ಆ ಬಿಸಿಲಲ್ಲಿ ಶಹಾಬಾದದ ತನಕ ಯಾರು ಹೋಗಬೇಕು? ಕಲ್ಲು ಕಲ್ಲೇ ಅಂತ ನಾನು ನಮ್ಮ ಕ್ಲಾಸಿನ ನೆಲವನ್ನೇ ಒರೆಸಿ ಫೋಟೋ ತೆಗೆದು ಅರಮನೆಗೆ ಹಾಸಿಬಿಟ್ಟೆ.

ಮುಂದಿನ ವಾರ ಮಾಲೀಕರು ನೋಡಿ ಕೈ ಮುಗಿದರು. ಅಷ್ಟಕ್ಕೇ ಬಿಡಬೇಕಲ್ಲ? ಮರುದಿನ ಒಬ್ಬ ವ್ಯಾಪಾರಿಯನ್ನು ಕರೆದುಕೊಂಡು ಬಂದರು. ತಾಂಡೂರಿನವರು. ಅವರೂ ಕಲ್ಲಿನವರೇ, ಮಾತು ಅರ್ಧ ತೆಲುಗು.

"ನೋಡ್ರಿ, ನಮ್ಮ ಮಾಲು ಎಲ್ಲಿ ತನಕ ಹೋಗ್ಯದ!"

ತಾಂಡೂರಿನವರು ಕನ್ನಡಕ ಏರಿಸಿ ಪರದೆಗೆ ಮೂಗು ಹಚ್ಚಿದರು. "ಬಾಗುಂದಿ ಸಾರ್, ಭಾಳ ಬಾಗುಂದಿ. ಆದ್ರ ಇದು ನಮ್ಮ ತಾಂಡೂರ ಕಲ್ಲು."

ಮಾಲೀಕರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಈ ಕಟ್ಟಡ ಕಟ್ಟುವಾಗ ತಾಂಡೂರಿನಿಂದ ಲಾರಿಗಟ್ಟಲೆ ಕಲ್ಲು ತರಿಸಿದ್ದೆ ಅಂತ ಕಟ್ಟಡದ ಯಜಮಾನರು ಹತ್ತು ಸಲ ಹೇಳಿದ್ದು ಆಗ ನೆನಪಿಗೆ ಬಂತು. ಮಾಲೀಕರು ಮೆಟ್ಟಿಲು ಇಳಿದುಹೋದರು. ತಾಂಡೂರಿನವರು ಮಾತ್ರ ಕುರ್ಚಿ ಎಳೆದುಕೊಂಡು ಕೂತರು.

"ರಾಜಾವರ ಫೋನ್ ನಂಬರ್ ಇದ್ರ ಕೊಡ್ರಿ ಸಾರ್. ಹಿತ್ತಲಕ್ಕೂ ಹಾಕಿಸ್ತಾರೇನು ಕೇಳ್ತೀನಿ."

೪. ತೋಳದ ಹೊಟ್ಟೆ

ಮಳಖೇಡದ ಕಡೆಯ ಆಚಾರ್ಯರೊಬ್ಬರು ಆಮಂತ್ರಣ ಪತ್ರಿಕೆ ಟೈಪ್ ಮಾಡಿಸಲು ಬರುತ್ತಿದ್ದರು. ಸಂಸ್ಕೃತದ ಮೇಷ್ಟ್ರು, ಭಾಳ ಮಡಿವಂತರು, ಅಷ್ಟೇ ಮೃದು ಮನಸ್ಸು. ನನ್ನ ವೀರನ ಮೇಲೆ ಅವರಿಗೆ ಏನೋ ಅಕ್ಕರೆ ಹುಟ್ಟಿತು. "ಹುಡುಗ ತೇಜಸ್ವಿ ಇದ್ದಾನ" ಅನ್ನುತ್ತಿದ್ದರು. ಒಂದು ದಿನ ವೀರ ಬೇಟೆಯಾಡಿದ್ದನ್ನು ಬಾಯಿಗೆ ಹಾಕಿಕೊಳ್ಳುವುದು ಅವರ ಕಣ್ಣಿಗೆ ಬಿತ್ತು.

"ಹರಿ ಹರಿ! ಏನ್ ತಿನ್ಲಿಕ್ಕತ್ತಾನ್ರಿ ಇವ?"

"ಜಿಂಕಿ ಮಾಂಸ ರೀ."

"ಬ್ಯಾರೆ ಏನೂ ಬೆಳೆಯೂದಿಲ್ಲೇನ್ರಿ ಆ ದೇಶದಾಗ?"

ಅವರ ಮುಖ ನೋಡಿ ನನಗೇ ಸಂಕಟವಾಯಿತು. ಹುಡುಕಿದರೆ ಅದಕ್ಕೂ ಒಂದು ಮಾಡ್ ಇತ್ತು: ಆಟದಲ್ಲಿ ಎಲ್ಲೆಲ್ಲಿ ಮಾಂಸ ಇದೆಯೋ ಅಲ್ಲೆಲ್ಲ ಬಾಳೆಹಣ್ಣು. ಹಾಕಿದೆ. ಖಾನಾವಳಿಯಲ್ಲಿ ಬಾಳೆಹಣ್ಣು, ರಾಜನ ತಾಟಿನಲ್ಲಿ ಬಾಳೆಹಣ್ಣು. ಆಚಾರ್ಯರು ಕಣ್ಣು ತುಂಬ ನೋಡಿ, "ಈಗ ಸಾತ್ವಿಕ ರಾಜ್ಯ ಆತು ನೋಡ್ರಿ" ಅಂದರು.

ಅಷ್ಟರಲ್ಲಿ ಕಾಡಿನಿಂದ ಒಂದು ತೋಳ ವೀರನ ಮೇಲೆ ಹಾರಿತು. ನಾನು ಕತ್ತಿ ಬೀಸಿದೆ. ತೋಳ ಸತ್ತುಬಿತ್ತು. ಹತ್ತಿರ ಹೋಗಿ ಮುಟ್ಟಿದರೆ ಅದರ ಹೊಟ್ಟೆಯಿಂದ ಎರಡು ಬಾಳೆಹಣ್ಣು ಬಂದವು.

ಆಚಾರ್ಯರು ಬಗ್ಗಿ ಆ ಎರಡು ಹಣ್ಣು ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ ಅಂದರು:

"ಫಲಾಹಾರದ ಮ್ಯಾಲಿತ್ತಲ್ರಿ ಪಾಪ. ಏಕಾದಶಿ ದಿನ ಹೊಡದ್ರಲ್ಲ ಅದನ್ನ!"

೫. ಮೊದಲನೇ ಹೆಂಡತಿ

ಇದು ನನ್ನ ಜೀವಕ್ಕೇ ಬಂದ ಪ್ರಸಂಗ.

ಸುಲೇಪೇಟದ ಒಂದು ಮನೆಯ ಹುಡುಗಿಯನ್ನು ನೋಡಿ ಬಂದಿದ್ದೆ. ಇಬ್ಬರಿಗೂ ಒಪ್ಪಿಗೆಯಾಗಿತ್ತು. ನಿಶ್ಚಯಕ್ಕೆ ಮೊದಲು ಹುಡುಗನ ಕೆಲಸ ಹೆಂಗದ ನೋಡೋಣ ಅಂತ ಹುಡುಗಿಯ ತಂದೆ, ಅವಳ ಸೋದರಮಾವನನ್ನು ಕರೆದುಕೊಂಡು ಹೇಳದೆ ಕೇಳದೆ ಕ್ಲಾಸಿಗೆ ಬಂದರು. ಆ ಸೋದರಮಾವ ಚಿತ್ತಾಪುರದಲ್ಲಿ ಇಂಗ್ಲಿಷ್ ಮಾಸ್ತರರು.

"ಕುಂದರ್ರಿ, ಕುಂದರ್ರಿ" ಅಂತ ನಾನು ಗಡಿಬಿಡಿಯಲ್ಲಿ ಅವರನ್ನು ನಾಲ್ಕನೆಯ ಕಂಪ್ಯೂಟರಿನ ಮುಂದೆಯೇ ಕೂರಿಸಿ ಚಹಾ ಹೇಳಲು ಹೋದೆ. ಹಿಂದಿನ ವಾರವಷ್ಟೇ ಆಟಕ್ಕೆ ಲಗ್ನದ ಮಾಡ್ ಹಾಕಿ, ವೀರನಿಗೆ ಒಂದು ಮನೆ, ಒಬ್ಬ ಹೆಂಡತಿ ಮಾಡಿಕೊಟ್ಟಿದ್ದೆ. ಚಹಾ ಹೇಳಿ ಬರುವಷ್ಟರಲ್ಲಿ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಮೂಡಿತ್ತು. ಮಾಸ್ತರರು ಪಾಠ ಮಾಡುವವರಂತೆ ಅದನ್ನು ಬಿಡಿಸಿ ಹೇಳುತ್ತಿದ್ದರು:

"ನಿನ್ನ ಹೆಂಡತಿಯು ಮೂರು ದಿನಗಳಿಂದ ಮನೆಯಲ್ಲಿ ನಿನಗಾಗಿ ಕಾಯುತ್ತಿದ್ದಾಳೆ."

ಹುಡುಗಿಯ ತಂದೆ ಎದ್ದು ನಿಂತರು. ನಾನು, "ಅದು ಮಾಡ್ ರೀ ಮಾವರ, ಮಾಡ್!" ಅಂತ ಹಿಂದೆ ಓಡಿದೆ. "ಮಾಡಿದ್ದು ಕಾಣ್ತದ" ಅಂದು ಬಸ್ಸು ಹತ್ತಿಬಿಟ್ಟರು.

ಮೂರು ದಿನದಲ್ಲಿ ಸುದ್ದಿ ಚಿಂಚೋಳಿ ಮುಟ್ಟಿತು. ಸೇಡಂ ಹುಡುಗನಿಗೆ ಮೊದಲೇ ಲಗ್ನ ಆಗ್ಯದಂತ, ಹೆಂಡತಿಯನ್ನು ಕಂಪ್ಯೂಟರಿನಾಗ ಬಚ್ಚಿಟ್ಟಾನಂತ. ನನ್ನ ಅವ್ವ ಊಟ ಬಿಟ್ಟಳು. ನನಗೆ ಆ ಹುಡುಗಿಯನ್ನು ಬಿಟ್ಟು ಬೇರೆ ಯಾರೂ ಬೇಡವಾಗಿತ್ತು. ಬೇರೆ ದಾರಿ ಕಾಣದೆ ಕಂಪ್ಯೂಟರನ್ನೇ ಹಾಸಿಗೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಸುಲೇಪೇಟಕ್ಕೆ ಹೋದೆ.

ಪಡಸಾಲೆಯಲ್ಲಿ ಹತ್ತು ಜನ ಹಿರಿಯರು ಕೂತರು. ನಡುವೆ ಹುಡುಗಿಯ ಅಜ್ಜಿ; ಮನೆಯವರೆಲ್ಲ ಆಯಿ ಅನ್ನುತ್ತಿದ್ದರು. ಬಾಗಿಲ ಸಂದಿಯಲ್ಲಿ ಹುಡುಗಿ. ಕಂಪ್ಯೂಟರ್ ಹಚ್ಚಿದೆ. ವೀರನನ್ನು ಅವನ ಮನೆಗೆ ಕರೆದುಕೊಂಡು ಹೋದೆ. ಒಳಗೆ ಒಲೆಯ ಪಕ್ಕ ಅವನ ಹೆಂಡತಿ ನಿಂತಿದ್ದಳು.

"ಇದು ಬರೇ ಬೊಂಬಿ ರೀ. ಜೀವ ಇಲ್ಲ" ಅಂದೆ.

ಆಯಿ ಮುಂದೆ ಬಾಗಿ ನೋಡಿದಳು. "ಛಲೋ ಅದಾಳ. ಒಲಿ ಮುಂದ ನಿಂತಾಳ. ಕೆಲಸದಾಕಿ."

ಹುಡುಗಿಯ ತಂದೆಗೆ ಸಮಾಧಾನವಾಗಲಿಲ್ಲ. "ಜೀವ ಇರ್ಲಿ, ಇಲ್ಲದಿರ್ಲಿ. ಈಗ, ಎಲ್ಲಾರ ಎದುರಿಗೆ ತೆಗೀರಿ ಆಕೀನ."

ತೆಗೆಯುವುದೇನು ದೊಡ್ಡದು? ಆಟ ಮುಚ್ಚಿ ಮಾಡ್ ಅಳಿಸಲು ಹೋದೆ. ಕಂಪ್ಯೂಟರ್ ಏನೋ ಕೇಳಿತು. ಮಾಸ್ತರರು ಅದನ್ನೂ ಬಿಡಿಸಿ ಹೇಳಿದರು: "ನೀನು ಖಂಡಿತವಾಗಿಯೂ ತೆಗೆಯಬಯಸುವೆಯಾ?"

ಹೌದು ಅಂತ ಒತ್ತಿದೆ. ಮತ್ತೆ ಆಟ ತೆರೆದೆ. ಒಲೆ ಉರಿಯುತ್ತಿತ್ತು, ಅವಳಿರಲಿಲ್ಲ. ಹುಡುಗಿಯ ತಂದೆ ತಲೆದೂಗಿದರು. ಗೆದ್ದೆ ಅಂದುಕೊಂಡೆ.

ಆಯಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಏನ್ ಕಲ್ಲಿನ ಮನಸ್ಸೋ ತಮ್ಮಾ ನಿಂದು! ಜಗಳಿಲ್ಲ, ಮಾತಿಲ್ಲ. ಖರೇನೇ ಬಿಡ್ತೀಯೇನು ಅಂತ ಕೇಳಿದ್ರೂ ಹೌದಂದಿ. ಒಂದು ಬೆರಳಿನಾಗ ಕಟಕೊಂಡ ಹೆಂಡ್ತೀನ ಬಿಟ್ಟಿ. ಇಂಥವಗ ನಮ್ಮ ಹುಡುಗೀನ ಹ್ಯಾಂಗ ಕೊಡಬೇಕು?"

ಹಿರಿಯರೆಲ್ಲ "ಅದೂ ಖರೇನೇ" ಅಂದರು. ಆಗ ಬಾಗಿಲ ಸಂದಿಯಿಂದ ದನಿ ಬಂತು:

"ಆಯಿ, ಮತ್ತ ಹಾಕ್ಲಿಕ್ಕೆ ಬರ್ತದೇನಂತ ಕೇಳು."

ಬರುತ್ತಿತ್ತು. ಮಾಡ್‌ಗಳನ್ನು ತುಂಬಿಟ್ಟ ಸೀಡಿ ಚೀಲದಲ್ಲೇ ಇತ್ತು. ಬೀಗರಾಗುವವರ ಪಡಸಾಲೆಯಲ್ಲಿ, ಹತ್ತು ಹಿರಿಯರ ಎದುರು, ಮದುವೆಯಾಗಬೇಕಾದ ಹುಡುಗಿಯ ಒಪ್ಪಿಗೆಯಿಂದ, ಮೊದಲನೇ ಹೆಂಡತಿಯನ್ನು ವಾಪಸ್ ಕರೆತಂದೆ. ಅವಳು ಬಂದು ಒಲೆಯ ಪಕ್ಕ ನಿಂತಳು. ಪಡಸಾಲೆ ನಿರಾಳವಾಗಿ ಉಸಿರು ಬಿಟ್ಟಿತು.

ಆಯಿ ಪರದೆಯ ಕಡೆ ಕೈ ಚಾಚಿ ನಿವಾಳಿಸಿ, ಗೋಡೆಗೆ ಆನಿಕೊಂಡು ಕೂತಳು.

"ಜೀವ ಇಲ್ಲದಾಕೀನೇ ಬಿಡಲಿಲ್ಲ, ಜೀವ ಇದ್ದಾಕೀನ ಹ್ಯಾಂಗ ಬಿಡ್ತಾನ? ಏಯ್, ಲಗ್ನ ಗಟ್ಟಿ ಆತು, ಸಕ್ರಿ ಹಂಚ್ರಿ. ಆ ಒಲಿ ಮುಂದಿನಾಕಿ ಬಾಯಾಗೂ ಒಂದೀಟು ಹಾಕ್ರಿ!"