ವಾರ್ತೆ ಓದುವವರಿಗೆ ಶುಂಠಿ ಉಂಡೆ

ನಮ್ಮ ಸೋದರತ್ತೆಗೆ ಒಬ್ಬ ಪರಪುರುಷನ ಸ್ನೇಹವಿದೆ! ಗಾಬರಿಯಾಗಬೇಡಿ, ಇದು ಬಳಗಾನೂರಿಗೆಲ್ಲ ಗೊತ್ತಿರುವ ಸಂಗತಿ. ಆತ ದಿನಾ ಸಂಜೆ ತಪ್ಪದೆ ಬರುತ್ತಾರೆ, ಹೊಸ್ತಿಲು ಮಾತ್ರ ತುಳಿದವರಲ್ಲ. ಯಾರು ಅಂತೀರಾ? ರೇಡಿಯೋದಲ್ಲಿ ವಾರ್ತೆ ಓದುವವರು!

ಆತ "ನಮಸ್ಕಾರ" ಅಂದರೆ ಸಾಕು, ಅತ್ತೆ ತಲೆಯ ಮೇಲೆ ಸೆರಗು ಹೊದ್ದು "ನಮಸ್ಕಾರ್ರೀ" ಅನ್ನುತ್ತಾಳೆ. ಮಳೆಯ ಸುದ್ದಿ ಬಂದರೆ, "ನಮ್ಮ ಕಡಿ ಒಂದು ಹನೀನೂ ಬಿದ್ದಿಲ್ರೀ" ಎಂದು ತಿದ್ದುತ್ತಾಳೆ. ಒಮ್ಮೆ ಸೊಸೆ ಬರಿದಲೆಯಲ್ಲಿ ರೇಡಿಯೋದ ಮುಂದೆ ಹಾದುಹೋದಳು.

"ಹಿರೇರು ಮಾತಾಡಾಕತ್ತಾರ, ಸೆರಗು ಹೊದ್ಕೋ ಬೇ!"

"ಅವ್ರಿಗೆ ನಾ ಕಾಣ್ತೀನೇನ್ರೀ ಅತ್ತಿ?"

"ಅವ್ರಿಗೆ ಕಾಣದಿದ್ರ ನಂಗ ಕಾಣ್ತೀಯಲ್ಲ!"

ಹೋದ ತಿಂಗಳು ಈ ಸೆಲ್ಲಿನ ರೇಡಿಯೋದಲ್ಲಿ ಗೊರಗೊರ ಸದ್ದು ಶುರುವಾಯಿತು. ಬೇರೆಯವರಾದರೆ ರೇಡಿಯೋ ಕೆಟ್ಟಿತು ಅನ್ನುತ್ತಾರೆ. ನಮ್ಮತ್ತೆ? "ಪಾಪ, ಅವ್ರ ಗಂಟಲ ಕೆಟ್ಟೈತಿ!" ಮಸ್ಕಿಯ ರಿಪೇರಿಯವನು ಬಿಚ್ಚಿ ನೋಡಿ, "ರೇಡಿಯೋ ಚಲೋ ಐತಿ ಯಮ್ಮಾ" ಅಂದ. ಲಿಂಗಸುಗೂರಿನವನೂ ಅದನ್ನೇ ಅಂದ. ಅಲ್ಲಿಗೆ ರೋಗ ಯಾರದೆಂದು ಅತ್ತೆಗೆ ಖಾತ್ರಿಯಾಯಿತು.

ಬೆಲ್ಲ ಶುಂಠಿ ಕುಟ್ಟಿ ಉಂಡೆ ಕಟ್ಟಿ, ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ರೇಡಿಯೋ ಹಿಡಿದು ಸಿಂಧನೂರಿನ ನಮ್ಮ ಮನೆಗೆ ಬಂದಿಳಿದಳು. "ರೇಡಿಯೋ ಕೇಂದ್ರಕ್ಕ ಹೋಗಿ ಕೊಟ್ಟು ಬಾ ತಮ್ಮಾ. ಮನ್ಯಾಗ ಮಾಡಿ ಹಾಕೋರು ಯಾರರ ಅದಾರೋ ಇಲ್ಲೋ!"

ಪೇಟೆಯವರು ನಾವು ರೇಡಿಯೋ ಹಚ್ಚಿ ಯಾವ ಕಾಲವಾಯಿತೋ! ನಮ್ಮ ಫ್ರಿಜ್ಜು, ಇನ್ವರ್ಟರು, ಚಾರ್ಜರುಗಳ ನಡುವೆ ಗೊರಗೊರ ಇಮ್ಮಡಿಯಾಯಿತು. "ರಾತ್ರಿ ಬೆಳಗಾಗೂದ್ರಾಗ ಜಡ್ಡು ಹೆಚ್ಚಾತಲ್ಲೋ!" ಎಂದು ಅತ್ತೆ ಕಣ್ಣೊರೆಸಿಕೊಂಡಳು.

ನಾನು ಮೊಬೈಲು ಮುಂದಿಟ್ಟೆ. "ವಾರ್ತೆ ಇದ್ರಾಗ ಕೇಳು, ಅತ್ತಿ. ಯಾವಾಗ ಬೇಕಾದ್ರ ಆವಾಗ ಬರ್ತೈತಿ."

"ಕರದಾಗ ಬರೋರು ಬ್ಯಾರೆ, ಹೊತ್ತಿಗೆ ಸರಿಯಾಗಿ ತಾವಾಗೇ ಬರೋರು ಬ್ಯಾರೆ" ಅಂದಳು. ಎರಡು ದಿನ ಸರಿಯಾಗಿ ಊಟವನ್ನೂ ಮಾಡಲಿಲ್ಲ. ನನಗೆ ಆತನ ಚಿಂತೆಯಿಲ್ಲ, ಅತ್ತೆಯದೇ ಚಿಂತೆಯಾಯಿತು. ವಿಚಾರಿಸುತ್ತೇನೆಂದು ಸಮಾಧಾನ ಹೇಳಿ ಊರಿಗೆ ಕರೆದುಕೊಂಡು ಹೋದೆ.

ಸಂಜೆ ವಾರ್ತೆಯ ಹೊತ್ತು. ಸೊಸೆ ಹೋದ ತಿಂಗಳಷ್ಟೇ ಆಸೆಪಟ್ಟು ಹಾಕಿಸಿದ ಬಿಳಿ ಎಲ್ಇಡಿ ಬಲ್ಬಿನ ಕೆಳಗೆ ರೇಡಿಯೋ ಗೊರಗುಟ್ಟುತ್ತಿತ್ತು. ಫಕ್ಕನೆ ಕರೆಂಟು ಹೋಯಿತು. ಗೊರಗೊರವೂ ಹೋಯಿತು! ಕತ್ತಲಲ್ಲಿ ತಿಳಿಯಾದ ದನಿಯೊಂದು "ನಮಸ್ಕಾರ" ಅಂದಿತು. ಅಯ್ಯೋ, ಎಲ್ಲ ಆ ಬಲ್ಬಿನ ಕಿತಾಪತಿ! ನನಗೆ ನಗು ಬಂತು, ಅದಕ್ಕಿಂತ ಹೆಚ್ಚಾಗಿ ಎದೆಯ ಭಾರ ಇಳಿಯಿತು.

ಅತ್ತೆ ನಗಲಿಲ್ಲ. ತಲೆಯ ಮೇಲೆ ಸೆರಗು ಎಳೆದುಕೊಂಡಳು.

"ಆರಾಮಾದ್ರೇನ್ರೀ? ನಾ ಎಷ್ಟು ಹೆದರಿದ್ದೆ..."

ಬಲ್ಬಿನ ವಿಷಯ ಹೇಳಲು ನಾನು ಬಾಯಿ ತೆರೆದೆ. ಸೊಸೆ ಬೇಡವೆಂದು ನನ್ನ ಭುಜ ಮುಟ್ಟಿದಳು. ಆಮೇಲೆ, ಕರೆಂಟು ಬರುವುದರೊಳಗೆ, ಕತ್ತಲಲ್ಲೇ ಗೋಡೆ ತಡವುತ್ತ ಹೋಗಿ ಬಲ್ಬಿನ ಸ್ವಿಚ್ಚು ಆರಿಸಿ ಬಂದಳು.